ಬಟ್ಟೆಗೆ ಯಾವ ಪ್ರಿಂಟ್? ಮೊದಲು ನೂಲು ಯಾವುದು ನೋಡಿ

ಪ್ರಿಂಟ್ ಇರುವ ಎರಡು ಬಟ್ಟೆ ತೆಗೆದುಕೊಳ್ಳಿ. ಒಂದು ಟೀ ಶರ್ಟ್, ಇನ್ನೊಂದು ಹತ್ತಿಯ ದುಪಟ್ಟಾ ಆದರೆ ಒಳ್ಳೆಯದು. ಕಣ್ಣು ಮುಚ್ಚಿಕೊಂಡು ಚಿತ್ರದ ಮೇಲೆ ಬೆರಳಾಡಿಸಿ. ಚಿತ್ರ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಅಂತ ಕೆಲವು ಬಟ್ಟೆಯಲ್ಲಿ ಬೆರಳಿಗೇ ಗೊತ್ತಾಗುತ್ತದೆ. ಕೆಲವದರಲ್ಲಿ ಏನೂ ಗೊತ್ತಾಗುವುದಿಲ್ಲ, ಬರೀ ಬಟ್ಟೆ ಸಿಗುತ್ತದೆ. ಈಗ ಮಗುಚಿ ಹಿಂಬದಿ ನೋಡಿ. ಒಂದರಲ್ಲಿ ಹಿಂದೆ ಬಿಳಿ, ಇನ್ನೊಂದರಲ್ಲಿ ಚಿತ್ರ ಅಲ್ಲಿಯೂ ಅರ್ಧಂಬರ್ಧ ಮೂಡಿರುತ್ತದೆ.

ಬೆರಳಿಗೆ ಸಿಕ್ಕಿದ್ದು ಬಟ್ಟೆಯ ಮೇಲೆ ಕೂತ ಬಣ್ಣ. ಅದನ್ನು ಪಿಗ್ಮೆಂಟ್ ಅನ್ನುತ್ತಾರೆ. ಅದು ಪುಡಿ. ತಾನಾಗಿ ನೂಲಿಗೆ ಹತ್ತುವುದಿಲ್ಲ, ಬೈಂಡರ್ ಎಂಬ ಅಂಟು ಅದನ್ನು ಹಿಡಿದಿಟ್ಟಿರುತ್ತದೆ. ಬೆರಳಿಗೆ ಸಿಗದೇ ಇದ್ದದ್ದು ನೂಲಿನ ಒಳಗೇ ಸೇರಿಹೋದ ಬಣ್ಣ. ಅದು ಡೈ.

ಪ್ರಿಂಟ್ ಮಾಡಿಸಬೇಕು ಅನ್ನುವವರು ಸಾಮಾನ್ಯವಾಗಿ ಮಿಷನ್ ಹೆಸರಿನಿಂದ ಶುರು ಮಾಡುತ್ತಾರೆ. ಸ್ಕ್ರೀನ್ ಮಾಡಿಸಲಾ, ಡಿಜಿಟಲ್ಲಾ, ಸಬ್ಲಿಮೇಷನ್ನಾ? ನನ್ನ ಪ್ರಕಾರ ಆ ಪ್ರಶ್ನೆ ಕೊನೆಗೆ ಬರಬೇಕು. ಮೊದಲು ನೂಲು ಯಾವುದು ಎಂದು ತಿಳಿಯಬೇಕು. ನೂಲು ತನಗೆ ಹೊಂದುವ ಬಣ್ಣವನ್ನು ಹೇಳುತ್ತದೆ. ಆ ಬಣ್ಣವನ್ನು ಹಾಕುವ ವಿಧಾನ ಯಾವುದು ಅನ್ನುವುದು ಅದರ ನಂತರದ ಮಾತು.

ನಾನು ಇದನ್ನು ಕಲಿತದ್ದು ಹತ್ತಿಯ ಕೈಚೀಲಗಳಿಂದ. ಇಪ್ಪತ್ತು ಚೀಲಕ್ಕೆ ಒಂದು ಕಡೆ ಸಬ್ಲಿಮೇಷನ್, ಅಂದರೆ ಕಾಗದದ ಮೇಲಿನ ಚಿತ್ರವನ್ನು ಶಾಖದಿಂದ ಬಟ್ಟೆಗೆ ಇಳಿಸುವ ಪ್ರಿಂಟ್, ಮಾಡಿಸಿದ್ದೆ. ಕೈಗೆ ಬಂದಾಗ ಬಣ್ಣ ಸ್ವಲ್ಪ ಮಂಕಾಗಿತ್ತು, ಅಷ್ಟೇ. ಒಂದು ಸಲ ಒಗೆದ ಮೇಲೆ ಚಿತ್ರ ಎಲ್ಲಿತ್ತು ಎಂದು ಹುಡುಕಬೇಕಾಯಿತು. ಮಿಷನ್ ಸರಿಯಾಗಿಯೇ ಇತ್ತು, ಇಂಕೂ ಒಳ್ಳೆಯದೇ. ಆ ಇಂಕು ಪಾಲಿಯೆಸ್ಟರ್‌ಗೆ ಮಾಡಿದ್ದು, ಹತ್ತಿಗೆ ಅದು ಹತ್ತುವುದೇ ಇಲ್ಲ. ಅದನ್ನು ನನಗೆ ಮೊದಲೇ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ನೂಲಿಗೆ ತಕ್ಕ ಬಣ್ಣ

ಹತ್ತಿ, ಲಿನನ್, ವಿಸ್ಕೋಸ್ ಮೂರೂ ಒಂದೇ ಬಳಗ. ಮೂರರಲ್ಲೂ ಇರುವುದು ಸೆಲ್ಯುಲೋಸ್. ಇವಕ್ಕೆ ರಿಯಾಕ್ಟಿವ್ ಡೈ ತುಂಬಾ ಚೆನ್ನಾಗಿ ಹೊಂದುತ್ತದೆ. ಬ್ರಿಟನ್ನಿನ ಐಸಿಐ ಕಂಪನಿ 1956ರಲ್ಲಿ ಪ್ರೋಸಿಯಾನ್ ಎಂಬ ಹೆಸರಿನಲ್ಲಿ ಇದನ್ನು ಮೊದಲು ಮಾರಾಟಕ್ಕೆ ತಂದಿತು. ಸೋಡಾ ಜೊತೆಗಿದ್ದಾಗ ಈ ಬಣ್ಣ ನೂಲಿನೊಂದಿಗೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆ. ಹಾಗೆ ಬೆಸೆದ ಬಣ್ಣ ಒಗೆತಕ್ಕೆ ಸುಲಭವಾಗಿ ಬಿಡುವುದಿಲ್ಲ. ಬಟ್ಟೆ ಮೆತ್ತಗೇ ಇರುತ್ತದೆ, ಗಾಳಿಯೂ ಆಡುತ್ತದೆ.

ಆದರೆ ಹಾಕಿದ ಬಣ್ಣವೆಲ್ಲ ಹೀಗೆ ಬೆಸೆಯುವುದಿಲ್ಲ. ಒಂದಷ್ಟು ಬಣ್ಣ ನೂಲನ್ನು ಬಿಟ್ಟು ನೀರಿನ ಜೊತೆಗೇ ಸೇರಿ ಸತ್ತುಹೋಗುತ್ತದೆ. ಅದು ಬಟ್ಟೆಯಲ್ಲಿ ಸುಮ್ನೆ ಕೂತಿರುತ್ತದೆ. ಅದಕ್ಕೇ ಪ್ರಿಂಟ್ ಆಗಿ, ಹಬೆ ಕೊಟ್ಟ ಮೇಲೆ ಬಟ್ಟೆಯನ್ನು ಮೊದಲು ತಣ್ಣೀರಿನಲ್ಲಿ, ಆಮೇಲೆ ಕುದಿಯುವಷ್ಟು ಬಿಸಿ ನೀರಿನಲ್ಲಿ ಸೋಪು ಹಾಕಿ ತೊಳೆಯಬೇಕು. ಮೊದಲೇ ಬಿಸಿ ನೀರಿಗೆ ಹಾಕಿದರೆ, ಬಿಟ್ಟ ಬಣ್ಣ ಪಕ್ಕದ ಬಿಳಿ ಜಾಗಕ್ಕೆ ಹತ್ತಿಕೊಳ್ಳುತ್ತದೆ. ಈ ತೊಳೆಯುವ ಕೆಲಸವನ್ನು ಆತುರದಲ್ಲಿ ಮುಗಿಸಿದ ಬಟ್ಟೆಯೇ ಮನೆಯಲ್ಲಿ ಬಣ್ಣ ಬಿಡುವುದು. ಬಣ್ಣ ಬಿಟ್ಟ ಬಟ್ಟೆ ನೋಡಿ ಎಲ್ಲರೂ ಬಣ್ಣವನ್ನೇ ಬೈಯುತ್ತಾರೆ. ಬಹಳ ಸಲ ತಪ್ಪು ತೊಳೆತದ್ದು.

ಇಲ್ಲೇ ಇನ್ನೊಂದು ಮಾತು. ಬಣ್ಣ ಬಿಡುವ ಬಟ್ಟೆಯನ್ನು ಉಪ್ಪು ನೀರಿನಲ್ಲಿ ನೆನೆಸಿದರೆ ಬಣ್ಣ ಗಟ್ಟಿಯಾಗುತ್ತದೆ ಎಂಬ ನಂಬಿಕೆ ಇದೆ. ಹತ್ತಿಗೆ ಬಣ್ಣ ಹಾಕುವಾಗ ನೀರಿಗೆ ಉಪ್ಪು ಬೆರೆಸುವುದು ನಿಜ. ಅದು ಬಣ್ಣವನ್ನು ನೀರಿನಿಂದ ನೂಲಿನ ಕಡೆಗೆ ತಳ್ಳುತ್ತದೆ. ಪ್ರಿಂಟ್ ಆಗಿ ಕೈಗೆ ಬಂದ ಬಟ್ಟೆಯಲ್ಲಿ ಬೆಸೆಯದೆ ಉಳಿದ ಬಣ್ಣವನ್ನು ಉಪ್ಪಾಗಲಿ ವಿನೆಗರ್ ಆಗಲಿ ಬೆಸೆಯಲಾರದು. ನೀರು ತಿಳಿಯಾಗುವ ತನಕ ಆ ಬಟ್ಟೆಯೊಂದನ್ನೇ ಬೇರೆ ತೊಳೆಯುವುದೇ ದಾರಿ.

ರೇಷ್ಮೆ, ಉಣ್ಣೆ ಪ್ರಾಣಿಗಳಿಂದ ಬಂದ ನೂಲು. ಇವಕ್ಕೆ ಆಸಿಡ್ ಡೈ ಹೊಂದುತ್ತದೆ. ಹೆಸರು ಕೇಳಿ ಹೆದರಬೇಡಿ, ವಿನೆಗರ್‌ನಷ್ಟು ಹುಳಿ ಇದ್ದರೆ ಸಾಕು. ಹಬೆಯಲ್ಲಿಟ್ಟಾಗ ಬಣ್ಣ ಒಳಗೆ ಹಿಡಿಯುತ್ತದೆ. ರೇಷ್ಮೆಯ ಹೊಳಪನ್ನು ಉಳಿಸಿಕೊಂಡು ಚಿತ್ರ ಮೂಡಿಸಬೇಕಾದರೆ ಡೈ ಬಿಟ್ಟು ಬೇರೆ ಯೋಚಿಸಬೇಡಿ. ಪಿಗ್ಮೆಂಟ್ ಹಾಕಿದ ಜಾಗದಲ್ಲಿ ರೇಷ್ಮೆ ರೇಷ್ಮೆಯಾಗಿ ಉಳಿಯುವುದಿಲ್ಲ. ನೈಲಾನ್ ಪ್ರಾಣಿಯ ನೂಲಲ್ಲದಿದ್ದರೂ ಆಸಿಡ್ ಡೈಯನ್ನು ಒಪ್ಪುತ್ತದೆ.

ಪಾಲಿಯೆಸ್ಟರ್ ನೀರನ್ನು ಹತ್ತಿರಕ್ಕೆ ಸೇರಿಸುವುದಿಲ್ಲ. ಅದಕ್ಕೆ ಡಿಸ್ಪರ್ಸ್ ಡೈ ಎಂಬ ಬೇರೆ ಜಾತಿಯ ಬಣ್ಣ ಬೇಕು, ಜೊತೆಗೆ ಜಾಸ್ತಿ ಶಾಖ ಬೇಕು.

ಪಿಗ್ಮೆಂಟ್‌ಗೆ ಮಾತ್ರ ಈ ಜಾತಿಯ ಕಟ್ಟುಪಾಡು ಇಲ್ಲ. ಅಂಟು ಯಾವುದಕ್ಕೆ ಹಿಡಿಯುತ್ತದೋ ಅದರ ಮೇಲೆಲ್ಲ ಕೂರುತ್ತದೆ. ಹತ್ತಿ ಮತ್ತು ಪಾಲಿಯೆಸ್ಟರ್ ಬೆರೆತ ಬಟ್ಟೆಗೆ ಇದೇ ಅನುಕೂಲ. ಅರ್ಧ ಹತ್ತಿ, ಅರ್ಧ ಪಾಲಿಯೆಸ್ಟರ್ ಇರುವ ಬಟ್ಟೆಗೆ ರಿಯಾಕ್ಟಿವ್ ಹಾಕಿದರೆ ಹತ್ತಿಯ ನೂಲಷ್ಟೇ ಬಣ್ಣ ಹಿಡಿಯುತ್ತದೆ. ಸಬ್ಲಿಮೇಷನ್ ಮಾಡಿದರೆ ಪಾಲಿಯೆಸ್ಟರ್ ನೂಲಷ್ಟೇ. ಎರಡರಲ್ಲೂ ಚಿತ್ರ ಹಳೆಯದಾದಂತೆ ತಿಳಿಯಾಗಿ ಕಾಣುತ್ತದೆ. ಕೆಲವರು ಅದನ್ನೇ ಬೇಕೆಂದು ಮಾಡಿಸುತ್ತಾರೆ, ಅದು ಬೇರೆ.

ನೂಲು ಯಾವುದೆಂದು ಗೊತ್ತಿಲ್ಲದಿದ್ದರೆ ಅಂಚಿನಿಂದ ನಾಲ್ಕು ಎಳೆ ತೆಗೆದು, ಇಕ್ಕಳದಲ್ಲಿ ಹಿಡಿದು, ನೀರಿನ ತಟ್ಟೆಯ ಮೇಲೆ ಸುಟ್ಟು ನೋಡಿ. ಹತ್ತಿ ಕಾಗದ ಸುಟ್ಟ ವಾಸನೆ ಕೊಟ್ಟು ಮೆತ್ತನೆಯ ಬೂದಿಯಾಗುತ್ತದೆ. ರೇಷ್ಮೆ, ಉಣ್ಣೆ ಕೂದಲು ಸುಟ್ಟ ವಾಸನೆ ಕೊಡುತ್ತವೆ. ಪಾಲಿಯೆಸ್ಟರ್ ಕರಗಿ, ಮುದುಡಿ, ತುದಿಯಲ್ಲಿ ಗಟ್ಟಿ ಮಣಿಯಾಗುತ್ತದೆ. ಎಲ್ಲ ಲಕ್ಷಣ ಒಟ್ಟಿಗೆ ಕಂಡರೆ ಅದು ಬೆರಕೆ ಬಟ್ಟೆ. ಲೇಬಲ್ ಓದಿದರೂ ಈ ಪರೀಕ್ಷೆಯನ್ನು ನಾನು ಬಿಡುವುದಿಲ್ಲ.

ಮರದ ಅಚ್ಚು

ಎಲ್ಲ ವಿಧಾನಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದು, ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ತೇಗ ಅಥವಾ ಬೀಟೆಯಂತಹ ಗಟ್ಟಿ ಮರದಲ್ಲಿ ಚಿತ್ರ ಕೆತ್ತುತ್ತಾರೆ. ಕೆತ್ತಿದ ಅಚ್ಚನ್ನು ಎಣ್ಣೆಯಲ್ಲಿ ಕೆಲವು ದಿನ ನೆನೆಸಿಡುತ್ತಾರೆ. ಅಚ್ಚಿನ ಮೈಯಲ್ಲಿ ಸಣ್ಣ ತೂತುಗಳಿರುತ್ತವೆ. ಒತ್ತಿದಾಗ ಒಳಗೆ ಸಿಕ್ಕ ಗಾಳಿ ಅಲ್ಲಿಂದ ಹೊರಗೆ ಹೋಗುತ್ತದೆ. ಮೇಜಿನ ಮೇಲೆ ಹಲವು ಪದರ ಬಟ್ಟೆ ಹಾಸಿ ಮೆತ್ತಗೆ ಮಾಡಿರುತ್ತಾರೆ. ಬರೀ ಮರದ ಮೇಜಿನ ಮೇಲೆ ಒತ್ತಿದರೆ ಬಣ್ಣ ಎಲ್ಲ ಕಡೆ ಸಮನಾಗಿ ಇಳಿಯುವುದಿಲ್ಲ.

ಒಂದು ಬಣ್ಣಕ್ಕೆ ಒಂದು ಅಚ್ಚು. ರಾಜಸ್ಥಾನದ ಕಸುಬುದಾರರು ಗೆರೆಯ ಅಚ್ಚನ್ನು ರೇಖ್, ಒಳಗೆ ತುಂಬುವ ಅಚ್ಚನ್ನು ದತ್ತಾ, ಹಿನ್ನೆಲೆಯ ಅಚ್ಚನ್ನು ಗದ್ ಎಂದು ಕರೆಯುತ್ತಾರೆ. ಒಂದರ ಮೇಲೆ ಒಂದು ಸರಿಯಾಗಿ ಕೂರಬೇಕು. ಕೈಯಲ್ಲಿ ಒತ್ತುವುದರಿಂದ ಕೂದಲೆಳೆಯಷ್ಟು ಅತ್ತಿತ್ತ ಆಗಿಯೇ ಆಗುತ್ತದೆ. ಒಂದು ಹೂವಿಗೆ ಬಣ್ಣ ಜಾಸ್ತಿ, ಇನ್ನೊಂದಕ್ಕೆ ಕಡಿಮೆ. ಎರಡು ಒತ್ತುಗಳ ನಡುವಿನ ಸೇರುವೆ ಹತ್ತಿರದಿಂದ ಕಾಣುತ್ತದೆ. ನನಗೆ ಆ ಬಟ್ಟೆ ಉಸಿರಾಡುತ್ತಿದೆ ಅನ್ನಿಸುವುದು ಅದರಿಂದಲೇ. ನಿಮಗೆ ಪ್ರತಿ ಹೂವೂ ಒಂದೇ ತರಹ ಇರಬೇಕು, ನೂರು ಮೀಟರ್‌ಗೂ ಒಂದೇ ಛಾಯೆ ಬೇಕು ಎಂದಿದ್ದರೆ ಅಚ್ಚಿನ ಪ್ರಿಂಟ್ ಬೇಡ. ಕೊಂಡು ಆಮೇಲೆ ಕಸುಬುದಾರರ ಮೇಲೆ ಬೇಸರಪಡುವುದು ಸರಿಯಲ್ಲ, ಅಲ್ವಾ?

ಅಚ್ಚಿನಿಂದ ಒತ್ತುವುದು ಯಾವಾಗಲೂ ಬಣ್ಣವನ್ನೇ ಅಲ್ಲ. ಹಳೆಯ ಪದ್ಧತಿಯಲ್ಲಿ ಪಟಿಕದ ಸರಿಯನ್ನು, ಅಂದರೆ ಗಂಜಿಯಂತಹ ಮಿಶ್ರಣವನ್ನು, ಒಂದು ಅಚ್ಚಿನಿಂದ, ಕಬ್ಬಿಣದ ಸರಿಯನ್ನು ಇನ್ನೊಂದರಿಂದ ಒತ್ತುತ್ತಾರೆ. ಆಗ ಬಟ್ಟೆಯಲ್ಲಿ ಹೇಳಿಕೊಳ್ಳುವಂತಹ ಬಣ್ಣ ಇರುವುದಿಲ್ಲ. ಆಮೇಲೆ ಇಡೀ ಬಟ್ಟೆಯನ್ನು ಮಂಜಿಷ್ಠದಂತಹ ಬೇರಿನ ಬಣ್ಣದಲ್ಲಿ ಕುದಿಸುತ್ತಾರೆ. ಪಟಿಕ ಬಿದ್ದಲ್ಲಿ ಕೆಂಪು, ಕಬ್ಬಿಣ ಬಿದ್ದಲ್ಲಿ ಕಪ್ಪು. ಒಂದೇ ಹಂಡೆಯಿಂದ ಎರಡು ಬಣ್ಣ ಎದ್ದು ಬರುತ್ತವೆ. ಏನೂ ಒತ್ತದ ಜಾಗ ತೊಳೆದು ಬಿಸಿಲಿಗೆ ಹಾಕಿದಂತೆ ಮತ್ತೆ ತಿಳಿಯಾಗುತ್ತದೆ. ಇದನ್ನು ಮೊದಲ ಸಲ ನೋಡಿದಾಗ ನನಗೆ ಹಂಡೆಯ ಪಕ್ಕದಿಂದ ಏಳಲು ಮನಸ್ಸಾಗಲಿಲ್ಲ. ಒಂದು ಎಚ್ಚರಿಕೆ: ಕಬ್ಬಿಣದ ಕಪ್ಪು ವರ್ಷಗಳು ಕಳೆದಂತೆ ನೂಲನ್ನೇ ತಿನ್ನುತ್ತದೆ. ತುಂಬಾ ಹಳೆಯ ಬಟ್ಟೆಗಳಲ್ಲಿ ಕಪ್ಪು ಗೆರೆ ಇದ್ದಲ್ಲಿ ಮಾತ್ರ ಹರಿದಿರುವುದು ಇದೇ ಕಾರಣಕ್ಕೆ.

ಇನ್ನೊಂದು ಬಗೆಯಲ್ಲಿ ಅಚ್ಚಿನಿಂದ ಒತ್ತುವುದು ತಡೆಯನ್ನು. ಮೇಣ, ಕೆಸರು, ಸುಣ್ಣ ಮತ್ತು ಗೋಂದಿನ ಸರಿ, ಹೀಗೆ. ರಾಜಸ್ಥಾನದ ಬಗರೂವಿನ ದಾಬು, ಕಚ್ಛ್ ಮತ್ತು ಸಿಂಧ್ ಕಡೆಯ ಅಜರಖ್ ಇದಕ್ಕೆ ಹೆಸರಾದವು. ಇವುಗಳ ನೀಲಿ, ಅಂದರೆ ಇಂಡಿಗೋ ಬಣ್ಣ, ನೀರಿನಲ್ಲಿ ಕರಗುವುದಿಲ್ಲ. ಗಾಳಿಯ ಆಮ್ಲಜನಕ ತೆಗೆದ ತೊಟ್ಟಿಯಲ್ಲಿ ಮಾತ್ರ ಕರಗುತ್ತದೆ. ಬಟ್ಟೆಯನ್ನು ತೊಟ್ಟಿಯಿಂದ ಎತ್ತಿದಾಗ ಹಸಿರಾಗಿದ್ದು, ಗಾಳಿ ತಾಗುತ್ತಲೇ ನೀಲಿಯಾಗುತ್ತದೆ. ಇಂತಹ ಬಣ್ಣವನ್ನು ನೇರವಾಗಿ ಒತ್ತುವುದು ಕಷ್ಟ. ಅದಕ್ಕೇ ನೀಲಿ ಬೇಡವಾದ ಜಾಗಕ್ಕೆ ತಡೆ ಹಾಕಿ ಇಡೀ ಬಟ್ಟೆಯನ್ನು ಅದ್ದುತ್ತಾರೆ. ಇದರಲ್ಲಿ ಹಂತಗಳು ಜಾಸ್ತಿ, ದಿನಗಳೂ ಜಾಸ್ತಿ ಬೇಕು. ತುರ್ತಾಗಿ ಬೇಕಾದವರಿಗೆ ಇದು ಹೊಂದುವುದಿಲ್ಲ.

ಮನೆಯಲ್ಲಿ ಪ್ರಿಂಟ್ ಮಾಡಿ ನೋಡಬೇಕು ಅನ್ನುವವರಿಗೂ ನಾನು ಹೇಳುವುದು ಅಚ್ಚನ್ನೇ. ಹೊಸ ಹತ್ತಿ ಬಟ್ಟೆಯ ಗಂಜಿಯನ್ನು ಬಿಸಿ ನೀರಿನಲ್ಲಿ ತೊಳೆದು ತೆಗೆಯಿರಿ. ಗಂಜಿಯ ಮೇಲೆ ಕೂತ ಬಣ್ಣ ಗಂಜಿಯ ಜೊತೆಗೇ ಹೋಗುತ್ತದೆ. ಬಟ್ಟೆಗೆಂದೇ ಮಾಡಿದ ಪಿಗ್ಮೆಂಟ್ ಬಣ್ಣವನ್ನು ಸ್ಪಂಜಿನ ಮೇಲೆ ತೆಳುವಾಗಿ ಹರಡಿ, ಅಚ್ಚನ್ನು ಅದಕ್ಕೆ ತಾಗಿಸಿ ಒತ್ತಿ. ಒಂದು ದಿನ ಒಣಗಿದ ಮೇಲೆ ಹಿಂಬದಿಯಿಂದ ಬಿಸಿ ಇಸ್ತ್ರಿ ಹಾಕಿ. ಇಸ್ತ್ರಿ ಅಲಂಕಾರಕ್ಕಲ್ಲ. ಅಂಟು ಗಟ್ಟಿಯಾಗುವುದು ಆ ಶಾಖದಿಂದಲೇ.

ಸ್ಕ್ರೀನ್

ಚೌಕಟ್ಟಿಗೆ ಜಾಲರಿ ಬಿಗಿದು, ಬೆಳಕಿಗೆ ಗಟ್ಟಿಯಾಗುವ ಎಮಲ್ಷನ್ ಬಳಿದು, ಮೇಲೆ ಚಿತ್ರದ ಫಿಲ್ಮ್ ಇಟ್ಟು ಬೆಳಕು ಬಿಡುತ್ತಾರೆ. ಚಿತ್ರದ ನೆರಳು ಬಿದ್ದ ಜಾಗ ಮೆತ್ತಗೇ ಉಳಿದು ನೀರಿಗೆ ಕಳಚಿಕೊಳ್ಳುತ್ತದೆ. ಅಲ್ಲಿಂದ ಮಾತ್ರ ಬಣ್ಣ ಇಳಿಯುತ್ತದೆ. ರಬ್ಬರಿನ ಪಟ್ಟಿಯಿಂದ, ಅಂದರೆ ಸ್ಕ್ವೀಜಿಯಿಂದ, ಬಣ್ಣ ಎಳೆಯುತ್ತಾರೆ. ಮ್ಯಾಂಚೆಸ್ಟರ್‌ನ ಸ್ಯಾಮ್ಯುಯೆಲ್ ಸೈಮನ್ 1907ರಲ್ಲಿ ರೇಷ್ಮೆ ಜಾಲರಿಯ ವಿಧಾನಕ್ಕೆ ಪೇಟೆಂಟ್ ಪಡೆದರು. ಈಗಿನ ಜಾಲರಿ ಹೆಚ್ಚಾಗಿ ಪಾಲಿಯೆಸ್ಟರಿನದು.

ಇದರ ಲೆಕ್ಕ ಸರಳ. ಒಂದು ಬಣ್ಣಕ್ಕೆ ಒಂದು ಸ್ಕ್ರೀನ್. ಆರು ಬಣ್ಣದ ಚಿತ್ರಕ್ಕೆ ಆರು ಸ್ಕ್ರೀನ್ ಮಾಡಲೇಬೇಕು, ನೀವು ಮಾಡಿಸುವುದು ಐದು ಶರ್ಟ್ ಆದರೂ ಐನೂರಾದರೂ. ತಯಾರಿಯ ಖರ್ಚು ಮೊದಲೇ ಬಿದ್ದಿರುತ್ತದೆ. ಆಮೇಲೆ ಎಣಿಕೆ ಹೆಚ್ಚಿದಂತೆ ಒಂದೊಂದಕ್ಕೆ ಬೀಳುವ ಪಾಲು ಕರಗುತ್ತಾ ಹೋಗುತ್ತದೆ. ಹಾಗಾಗಿ ಒಂದೆರಡು ಬಣ್ಣ, ಹೆಚ್ಚು ಸಂಖ್ಯೆ ಇದ್ದರೆ ಸ್ಕ್ರೀನ್ ಮುಂದೆ ಬೇರೆ ಯಾವುದೂ ನಿಲ್ಲುವುದಿಲ್ಲ. ಕುಟುಂಬದ ಗುಂಪು ಫೋಟೋವನ್ನು ಮೂರು ಶರ್ಟಿಗೆ ಹಾಕಿಸಲು ಸ್ಕ್ರೀನ್ ಕೇಳಬೇಡಿ.

ಜಾಲರಿಯ ಸಂಖ್ಯೆಯನ್ನೂ ಒಂದು ಮಾತು ಕೇಳಿ. 43ಟಿ ಅಂದರೆ ಒಂದು ಸೆಂಟಿಮೀಟರಿಗೆ 43 ಎಳೆ. ಬಟ್ಟೆಗೆ ಇದು ಸಾಮಾನ್ಯ. ಕಣ್ಣು ದೊಡ್ಡದು, ಬಣ್ಣ ಧಾರಾಳವಾಗಿ ಇಳಿಯುತ್ತದೆ. ಸಣ್ಣ ಅಕ್ಷರ, ಚುಕ್ಕಿಗಳಿಂದ ಮಾಡಿದ ಛಾಯೆ ಇದ್ದರೆ 77ಟಿ ಅಥವಾ ಇನ್ನೂ ಒತ್ತಾದ ಜಾಲರಿ ಬೇಕು. ದೊಡ್ಡ ಕಣ್ಣಿನಲ್ಲಿ ಸಣ್ಣ ಅಕ್ಷರ ಮಾಡಿಸಿದರೆ 'ಅ'ದ ಹೊಟ್ಟೆ ತುಂಬಿಕೊಂಡು ಬರುತ್ತದೆ. ಕನ್ನಡ ಅಕ್ಷರಗಳಲ್ಲಿ ಒತ್ತಕ್ಷರ ಸಣ್ಣದು, ತಿರುವು ಜಾಸ್ತಿ, ಹಾಗಾಗಿ ಇದು ಬೇಗ ಕಾಣುತ್ತದೆ.

ಸ್ಕ್ರೀನ್‌ನಲ್ಲಿ ಹಾಕುವ ಇಂಕಿನಲ್ಲೂ ಆಯ್ಕೆ ಇದೆ. ಪ್ಲಾಸ್ಟಿಸಾಲ್ ಅಂದರೆ ಪಿವಿಸಿ ಪುಡಿಯನ್ನು ಎಣ್ಣೆಯಂತಹ ದ್ರವದಲ್ಲಿ ಕಲಸಿದ ಇಂಕು. ಎಷ್ಟು ದಿನ ಇಟ್ಟರೂ ತಾನಾಗಿ ಒಣಗದು. ಇಂಕು ಪೂರ್ತಿ, ಮೇಲಿಂದ ತಳದವರೆಗೆ, ಸುಮಾರು 160 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಕಪ್ಪು ಬಟ್ಟೆಯ ಮೇಲೂ ಎದ್ದು ಕಾಣುತ್ತದೆ. ಆದರೆ ಎದೆಯ ಮೇಲೆ ದೊಡ್ಡ ಚಿತ್ರ ಹಾಕಿಸಿದರೆ ಆ ಜಾಗದಲ್ಲಿ ಬೆವರು ಆರದು, ಮೇಲಿಂದ ಇಸ್ತ್ರಿ ಇಟ್ಟರೆ ಕರಗಿ ಅಂಟುತ್ತದೆ. ಅದನ್ನು ಮೆತ್ತಗಾಗಿಸಲು ಥ್ಯಾಲೇಟ್ ಎಂಬ ರಾಸಾಯನಿಕಗಳನ್ನು ಬಳಸುತ್ತಿದ್ದರು. ಅಮೆರಿಕದಲ್ಲಿ 2008ರ ಕಾನೂನು ಮಕ್ಕಳ ವಸ್ತುಗಳಲ್ಲಿ ಕೆಲವು ಥ್ಯಾಲೇಟ್‌ಗಳಿಗೆ ಮಿತಿ ಹಾಕಿತು. ಮಕ್ಕಳ ಬಟ್ಟೆಗೆ ಪ್ಲಾಸ್ಟಿಸಾಲ್ ಹಾಕಿಸುವುದಾದರೆ ಥ್ಯಾಲೇಟ್ ಇಲ್ಲದ ಇಂಕು ಎಂದು ಖಚಿತ ಮಾಡಿಕೊಳ್ಳಿ. ಕೂಸುಗಳ ಬಟ್ಟೆಗೆ ನಾನಂತೂ ಅದನ್ನು ಹಾಕಿಸುವುದೇ ಇಲ್ಲ.

ನೀರಿನ ಇಂಕು ಬಟ್ಟೆಗೆ ಇಳಿಯುತ್ತದೆ, ಕೈಗೆ ಮೆತ್ತಗಿರುತ್ತದೆ. ಕೆಲಸದ ನಡುವೆ ನಿಲ್ಲಿಸಿದರೆ ಜಾಲರಿಯ ಕಣ್ಣಿನಲ್ಲೇ ಒಣಗಿ ಕಟ್ಟಿಕೊಳ್ಳುವುದರಿಂದ ಮಾಡುವವರಿಗೆ ಕೈ ಪಳಗಿರಬೇಕು. ಬಿಳಿ, ತಿಳಿ ಬಟ್ಟೆಗೆ ನನ್ನ ಮೊದಲ ಆಯ್ಕೆ ಇದೇ.

ಗಾಢ ಬಣ್ಣದ ಹತ್ತಿಗೆ ಮೆತ್ತನೆಯ ಪ್ರಿಂಟ್ ಬೇಕೆಂದರೆ ಡಿಸ್ಚಾರ್ಜ್ ಎಂಬ ದಾರಿ ಇದೆ. ಇದು ಬಟ್ಟೆಯಲ್ಲಿರುವ ಬಣ್ಣವನ್ನು ತೆಗೆದು, ಬೇಕಿದ್ದರೆ ಅದೇ ಜಾಗದಲ್ಲಿ ಬೇರೆ ಬಣ್ಣ ಕೂರಿಸುತ್ತದೆ. ಬೆರಳಿಗೆ ಏನೂ ಸಿಗುವುದಿಲ್ಲ. ಆದರೆ ಎಲ್ಲ ಡೈಗಳೂ ಇದಕ್ಕೆ ಬಗ್ಗುವುದಿಲ್ಲ. ಒಂದೇ ಕಪ್ಪಿನ ಎರಡು ಶರ್ಟಿನಲ್ಲಿ ಒಂದು ಕೆನೆ ಬಣ್ಣಕ್ಕೆ, ಇನ್ನೊಂದು ಕಂದು ಬಣ್ಣಕ್ಕೆ ತಿರುಗಬಹುದು. ಮಾಡುವಾಗ ಕೆಟ್ಟ ವಾಸನೆ ಏಳುತ್ತದೆ, ಗಾಳಿ ಚೆನ್ನಾಗಿ ಆಡುವ ಜಾಗ ಬೇಕು. ತೊಳೆದ ಮೇಲೆ ಬಟ್ಟೆಯಲ್ಲಿ ವಾಸನೆ ಉಳಿಯುವುದಿಲ್ಲ.

ಸಾವಿರಾರು ಮೀಟರ್ ಬೇಕಾದಾಗ ಚೌಕಟ್ಟಿನ ಸ್ಕ್ರೀನ್ ಸಾಲದು. ಹಿಂದೆ ಕೆತ್ತಿದ ತಾಮ್ರದ ರೋಲರ್‌ಗಳಿದ್ದವು, ಸ್ಕಾಟ್ಲೆಂಡಿನ ಥಾಮಸ್ ಬೆಲ್ 1783ರಲ್ಲಿ ಅದಕ್ಕೆ ಪೇಟೆಂಟ್ ಪಡೆದಿದ್ದರು. 1963ರಲ್ಲಿ ನೆದರ್ಲೆಂಡ್ಸಿನ ಸ್ಟಾರ್ಕ್ ಕಂಪನಿ ನಿಕಲ್ ಕೊಳವೆಯ ರೋಟರಿ ಸ್ಕ್ರೀನ್ ತಂದಿತು. ಕೊಳವೆಯ ಸುತ್ತಳತೆ ಸಾಮಾನ್ಯವಾಗಿ 64 ಸೆಂಟಿಮೀಟರ್, ಆದ್ದರಿಂದ ಚಿತ್ರ 64ಕ್ಕೆ ಅಥವಾ ಅದನ್ನು ಸಮನಾಗಿ ಭಾಗಿಸಿದ ಅಳತೆಗೆ ಮರುಕಳಿಸಬೇಕು. ಗಿರಣಿಗೆ ಚಿತ್ರ ಕೊಡುವವರು ಮಾತ್ರ ಇದನ್ನು ನೆನಪಿಟ್ಟರೆ ಸಾಕು.

ಡಿಜಿಟಲ್ ಅಂದರೆ ಒಂದೇ ಅಲ್ಲ

ಡಿಜಿಟಲ್ ಪ್ರಿಂಟ್ ಎಂದು ಹೇಳಿದರೆ ಏನೂ ಹೇಳಿದಂತಾಗಲಿಲ್ಲ. ಆ ಹೆಸರಿನ ಕೆಳಗೆ ನಾಲ್ಕು ಬೇರೆ ಬೇರೆ ಕೆಲಸಗಳಿವೆ, ಒಂದರ ಗುಣ ಇನ್ನೊಂದಕ್ಕಿಲ್ಲ.

ಥಾನಿನ ಮೇಲೆ ನೇರವಾಗಿ ಇಂಕ್‌ಜೆಟ್‌ನಲ್ಲಿ ಡೈ ಹಾಕುವುದು ಒಂದು. ಹತ್ತಿಗೆ ರಿಯಾಕ್ಟಿವ್, ರೇಷ್ಮೆಗೆ ಆಸಿಡ್. ಹತ್ತಿ ಬಟ್ಟೆಗೆ ಮೊದಲೇ ಸೋಡಾ, ಯೂರಿಯಾ, ಕಡಲಪಾಚಿಯಿಂದ ಬರುವ ಸೋಡಿಯಂ ಆಲ್ಜಿನೇಟ್ ಹಚ್ಚಿರುತ್ತಾರೆ. ಹಚ್ಚುವ ಮಿಶ್ರಣ ಮಂದವಾಗಲು ಆಲ್ಜಿನೇಟ್ ಬದಲು ಸಾಮಾನ್ಯ ಗಂಜಿ ಸಾಲದೇ ಎಂದು ಕೇಳಬಹುದು. ಗಂಜಿಯೂ ಹತ್ತಿಯ ನೆಂಟನೇ. ರಿಯಾಕ್ಟಿವ್ ಬಣ್ಣ ನೂಲನ್ನು ಬಿಟ್ಟು ಗಂಜಿಗೇ ಬೆಸೆದುಕೊಂಡುಬಿಡುತ್ತದೆ. ಪ್ರಿಂಟ್ ಆದ ಮೇಲೆ ಹಬೆ, ಆಮೇಲೆ ತೊಳೆತ, ಎಲ್ಲ ಮೇಲೆ ಹೇಳಿದಂತೆಯೇ. ಸ್ಕ್ರೀನ್ ಬೇಡ, ಎಷ್ಟು ಬಣ್ಣವಾದರೂ ಸರಿ, ಐದು ಮೀಟರ್ ಬೇಕಿದ್ದರೂ ಮಾಡಿಸಬಹುದು. ಇಂಕು ಮೇಲ್ಮೈಯಲ್ಲೇ ಹೆಚ್ಚು ನಿಲ್ಲುವುದರಿಂದ ಹಿಂಬದಿ ತಿಳಿಯಾಗಿರುತ್ತದೆ. ಎರಡೂ ಬದಿ ಕಾಣುವ ಸ್ಕಾರ್ಫ್‌ಗೆ ತೆಳು ಬಟ್ಟೆಯನ್ನೇ ಆರಿಸಿ. ಚಿನ್ನದ ಬಣ್ಣ, ಉಬ್ಬು ಪ್ರಿಂಟ್ ಬೇಕಿದ್ದರೆ ಮತ್ತೆ ಸ್ಕ್ರೀನ್‌ಗೇ ಬರಬೇಕು.

ಹೊಲಿದ ಶರ್ಟಿನ ಮೇಲೆಯೇ ಇಂಕ್‌ಜೆಟ್ ಹಾಯಿಸುವುದು ಡಿಟಿಜಿ. ಇದರಲ್ಲಿ ಹೆಚ್ಚಾಗಿ ನೀರಿನ ಪಿಗ್ಮೆಂಟ್ ಇಂಕು. ಹತ್ತಿಯ ಮೇಲೆ ಚೆನ್ನಾಗಿ ಬರುತ್ತದೆ. ಗಾಢ ಬಣ್ಣದ ಶರ್ಟಿಗೆ ಮೊದಲು ಒಂದು ದ್ರಾವಣ ಸಿಂಪಡಿಸಿ, ಬಿಳಿ ಇಂಕಿನ ತಳ ಹಾಕಿ, ಅದರ ಮೇಲೆ ಚಿತ್ರ ಹಾಕುತ್ತಾರೆ. ತಿಳಿ ಶರ್ಟಿನಲ್ಲಿ ಆ ಬಿಳಿ ತಳ ಬೇಡವಾದ್ದರಿಂದ ಮೆತ್ತಗಿರುತ್ತದೆ. ಒಂದೇ ಒಂದು ಶರ್ಟ್, ಅದರಲ್ಲಿ ಫೋಟೋ ಎಂದರೆ ಇದು ಸರಿ.

ಡಿಟಿಎಫ್‌ನಲ್ಲಿ ಚಿತ್ರವನ್ನು ಪ್ಲಾಸ್ಟಿಕ್ ಫಿಲ್ಮ್ ಮೇಲೆ ಪ್ರಿಂಟ್ ಮಾಡಿ, ಅಂಟಿನ ಪುಡಿ ಉದುರಿಸಿ ಕರಗಿಸಿ, ಹೀಟ್ ಪ್ರೆಸ್‌ನಲ್ಲಿ ಬಟ್ಟೆಗೆ ಒತ್ತಿ ಫಿಲ್ಮ್ ಕಿತ್ತುಬಿಡುತ್ತಾರೆ. ಹತ್ತಿ, ಪಾಲಿಯೆಸ್ಟರ್, ಬೆರಕೆ, ತಿಳಿ, ಗಾಢ ಎಲ್ಲದಕ್ಕೂ ಹಿಡಿಯುತ್ತದೆ. ಈ ಅನುಕೂಲಕ್ಕೇ ಇದು ಇಷ್ಟು ಬೇಗ ಹರಡಿತು. ಆದರೆ ಬಟ್ಟೆಯ ಮೇಲೆ ಉಳಿಯುವುದು ಒಂದು ಪದರ. ಅಂಗೈಯಗಲದ ಲೋಗೋಗೆ ಪರವಾಗಿಲ್ಲ. ಎದೆ ತುಂಬಾ ಇರುವ ಚಿತ್ರಕ್ಕೆ ನಾನು ಬೇಡ ಅನ್ನುತ್ತೇನೆ. ಬಿಸಿಲಿನಲ್ಲಿ ಅರ್ಧ ಗಂಟೆ ಹಾಕಿಕೊಂಡರೆ ಕಾರಣ ಗೊತ್ತಾಗುತ್ತದೆ.

ಸಬ್ಲಿಮೇಷನ್ ಪಾಲಿಯೆಸ್ಟರಿನದು. ಕಾಗದದ ಮೇಲೆ ಡಿಸ್ಪರ್ಸ್ ಡೈಯಲ್ಲಿ ಚಿತ್ರ ಪ್ರಿಂಟ್ ಮಾಡಿ, ಬಟ್ಟೆಗೆ ತಾಗಿಸಿ, ಸುಮಾರು 200 ಡಿಗ್ರಿಯಲ್ಲಿ ಒಂದು ನಿಮಿಷದಷ್ಟು ಒತ್ತುತ್ತಾರೆ. ಬಣ್ಣ ದ್ರವವಾಗದೆ ನೇರವಾಗಿ ಅನಿಲವಾಗಿ ನೂಲಿನ ಒಳಗೆ ಹೋಗಿ, ತಣಿದಾಗ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬೆರಳಿಗೆ ಏನೂ ತಾಗುವುದಿಲ್ಲ, ಬಿರುಕು ಬಿಡುವ ಮಾತೇ ಇಲ್ಲ, ಒಗೆತಕ್ಕೂ ಗಟ್ಟಿ. ಆಟದ ಜರ್ಸಿಗೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ತೊಳೆಯುವ ನೀರೂ ಬೇಡ. ಇದರಲ್ಲಿ ಬಿಳಿ ಇಂಕು ಇಲ್ಲ, ಹಾಗಾಗಿ ಬಟ್ಟೆ ಬಿಳಿ ಅಥವಾ ತಿಳಿ ಇರಬೇಕು. ಹೊಲಿದ ಜರ್ಸಿಯ ಮೇಲೆ ಪೂರ್ತಿ ಪ್ರಿಂಟ್ ಮಾಡಿಸಬೇಡಿ. ಕಂಕುಳ, ಹೊಲಿಗೆಯ ಮಡಿಕೆಗಳಲ್ಲಿ ಬಿಳಿ ಗೆರೆ ಉಳಿಯುತ್ತದೆ. ತುಂಡುಗಳನ್ನು ಮೊದಲು ಪ್ರಿಂಟ್ ಮಾಡಿ ಆಮೇಲೆ ಹೊಲಿಸಿ.

ಇದೇ ಗುಣ ಇನ್ನೊಂದು ಕಡೆ ಕಾಟ ಕೊಡುತ್ತದೆ. ಕೆಂಪು ಪಾಲಿಯೆಸ್ಟರ್ ಜರ್ಸಿಯ ಮೇಲೆ ಬಿಳಿ ಪ್ಲಾಸ್ಟಿಸಾಲ್ ಅಂಕಿ ಹಾಕಿಸಿದಾಗ, ಒಣಗಿಸುವ ಶಾಖಕ್ಕೆ ಬಟ್ಟೆಯ ಕೆಂಪು ಡೈಯೇ ಅನಿಲವಾಗಿ ಮೇಲೆದ್ದು ಬಿಳಿ ಅಂಕಿಯನ್ನು ಗುಲಾಬಿ ಮಾಡುತ್ತದೆ. ಕೆಲವೊಮ್ಮೆ ಎರಡು ದಿನ ಬಿಟ್ಟು ಕಾಣುತ್ತದೆ. ಇದಕ್ಕೆ ಕಡಿಮೆ ಶಾಖದಲ್ಲಿ ಗಟ್ಟಿಯಾಗುವ, ಡೈ ತಡೆಯುವ ಇಂಕು ಸಿಗುತ್ತದೆ. ಆರ್ಡರ್ ಕೊಡುವಾಗ 'ಬಟ್ಟೆ ಪಾಲಿಯೆಸ್ಟರ್' ಎಂದು ಬಾಯಿಬಿಟ್ಟು ಹೇಳಿ.

ನಾನಾಗಿದ್ದರೆ ಯಾವುದಕ್ಕೆ ಯಾವುದು

ದಿಂಬಿನ ಕವರ್, ಹಾಸಿಗೆ ಹೊದಿಕೆ, ಮಗುವಿನ ಬಟ್ಟೆ, ಚರ್ಮಕ್ಕೆ ಸದಾ ತಾಗುವ ಏನೇ ಇರಲಿ, ಹತ್ತಿ ಮತ್ತು ರಿಯಾಕ್ಟಿವ್. ಅಚ್ಚು, ಸ್ಕ್ರೀನ್, ಡಿಜಿಟಲ್ ಯಾವುದರಿಂದ ಹಾಕಿದ್ದಾದರೂ ಸರಿ. ಕಿಟಕಿಯ ಪರದೆಗೆ ಮಾತ್ರ ಲೆಕ್ಕ ಬದಲಾಗುತ್ತದೆ. ಅದನ್ನು ಒಗೆಯುವುದು ಅಪರೂಪ, ಬಿಸಿಲು ದಿನವೂ ಬೀಳುತ್ತದೆ. ಬಿಸಿಲಿಗೆ ಒಳ್ಳೆಯ ಪಿಗ್ಮೆಂಟ್ ಚೆನ್ನಾಗಿ ತಡೆಯುತ್ತದೆ, ತಿಳಿ ಛಾಯೆಯ ಡೈ ಬೇಗ ಮಾಸುತ್ತದೆ. ಪರದೆ ಸ್ವಲ್ಪ ಬಿರುಸಾದರೂ ಯಾರಿಗೂ ತೊಂದರೆ ಇಲ್ಲ. ಅದೇ ಗಾಢ ಪಿಗ್ಮೆಂಟ್ ಪ್ರಿಂಟನ್ನು ಕುರ್ಚಿಯ ಕವರ್‌ಗೆ ಹಾಕಿಸಬೇಡಿ. ಉಜ್ಜುವುದನ್ನು, ಅದರಲ್ಲೂ ಒದ್ದೆಯಲ್ಲಿ ಉಜ್ಜುವುದನ್ನು, ಅದು ತಡೆಯದು. ಸಸ್ಯದ ಬಣ್ಣಗಳಲ್ಲೂ ಹೀಗೆಯೇ ವ್ಯತ್ಯಾಸ ಇದೆ. ನೀಲಿ, ಮಂಜಿಷ್ಠ ಬಾಳುತ್ತವೆ. ಅರಿಶಿನ ಬಿಸಿಲಿಗೆ ಬೇಗ ಹೋಗುತ್ತದೆ.

ನೀರಿನ ಬಗ್ಗೆ ಕಾಳಜಿ ಇರುವವರು ನನ್ನನ್ನು ಕೇಳಿದಾಗ ಒಂದೇ ಸುಲಭ ಉತ್ತರ ಕೊಡಲು ಆಗುವುದಿಲ್ಲ. ರಿಯಾಕ್ಟಿವ್‌ಗೆ ತೊಳೆಯುವ ನೀರು ತುಂಬಾ ಬೇಕು, ಆ ನೀರನ್ನು ಶುದ್ಧ ಮಾಡದೆ ಬಿಡಬಾರದು. ಪಿಗ್ಮೆಂಟ್‌ಗೆ ಆ ತೊಳೆತ ಬೇಡ, ಆದರೆ ಬಟ್ಟೆಯ ಮೇಲೆ ಅಂಟು ಉಳಿಯುತ್ತದೆ. ಸಬ್ಲಿಮೇಷನ್‌ಗೆ ನೀರು ಬೇಡ, ಬಟ್ಟೆಯೇ ಪ್ಲಾಸ್ಟಿಕ್. ನನಗೆ ನೀರು ಶುದ್ಧ ಮಾಡುವ ಘಟಕದಲ್ಲಿ ಆದ ರಿಯಾಕ್ಟಿವ್ ಪ್ರಿಂಟ್, ಹತ್ತು ವರ್ಷ ಬಾಳಿದರೆ, ಉಳಿದೆರಡಕ್ಕಿಂತ ಮೇಲು ಅನ್ನಿಸುತ್ತದೆ.

ಸ್ಯಾಂಪಲ್ ಬಂದಾಗ

ಮೊಬೈಲಿನ ಪರದೆಯ ಮೇಲೆ ಕಂಡ ಬಣ್ಣವನ್ನು ನಂಬಬೇಡಿ. ಮೊಬೈಲು ಬೆಳಕಿನಿಂದ ಬಣ್ಣ ಮಾಡುತ್ತದೆ, ಬಟ್ಟೆ ಬೆಳಕನ್ನು ಹೀರಿ ಬಣ್ಣ ತೋರಿಸುತ್ತದೆ. ನಿಮ್ಮದೇ ಬಟ್ಟೆಯಲ್ಲಿ, ನಿಮ್ಮದೇ ಚಿತ್ರದ ಒಂದು ತುಂಡು ಮಾಡಿಸಿ. ಅದಿಲ್ಲದೆ ದೊಡ್ಡ ಆರ್ಡರ್ ಕೊಡಬೇಡಿ.

ತುಂಡು ಬಂದ ಕೂಡಲೇ ಎರಡು ಭಾಗ ಮಾಡಿ. ಒಂದು ಭಾಗದ ಮೇಲೆ ಬಿಳಿ ಬಟ್ಟೆಯಿಂದ ಹತ್ತು ಸಲ ಒಣಗಿದ್ದಾಗ, ಹತ್ತು ಸಲ ಒದ್ದೆ ಮಾಡಿ ಉಜ್ಜಿ. ಆಮೇಲೆ ಬಿಳಿ ಬಟ್ಟೆಯ ಚೂರೊಂದನ್ನು ಅದಕ್ಕೆ ಹೊಲಿದು ಐದು ಸಲ ಒಗೆಯಿರಿ. ಪ್ಲಾಸ್ಟಿಸಾಲ್ ಆದರೆ ಮೆಲ್ಲಗೆ ಎಳೆದು ನೋಡಿ. ಬಿರುಕು ಬಿಟ್ಟರೆ ಸಾಮಾನ್ಯವಾಗಿ ಶಾಖ ಸಾಲದೆ ಹೋಗಿದೆ ಎಂದರ್ಥ, ಮತ್ತೆ ಮಾಡಿಕೊಡಲು ಕೇಳಬಹುದು. ಪ್ರಯೋಗಾಲಯದ ವರದಿ ಸಿಕ್ಕರೆ ಅಂಕಿಗಳನ್ನು ಹೀಗೆ ಓದಿ: ಒಗೆತಕ್ಕೆ, ಉಜ್ಜುವಿಕೆಗೆ 1ರಿಂದ 5, ಬೆಳಕಿಗೆ 1ರಿಂದ 8. ಅಂಕಿ ದೊಡ್ಡದಾದಷ್ಟೂ ಬಣ್ಣ ಗಟ್ಟಿ. ಒಗೆತಕ್ಕೆ 4 ಒಳ್ಳೆಯದು, ಬೆಳಕಿಗೆ 4 ಇದ್ದರೆ ಕಿಟಕಿಯ ಪರದೆಗೆ ಸಾಲದು.

ಇನ್ನೊಂದು ಭಾಗವನ್ನು ಒಗೆಯದೆ, ಕತ್ತಲಲ್ಲಿ, ತಾರೀಖು ಬರೆದು ಎತ್ತಿಡಿ. ಪೂರ್ತಿ ಸರಕು ಬಂದ ದಿನ ಅದನ್ನು ಹೊರಗೆ ತೆಗೆದು, ಹಗಲಿನ ಬೆಳಕಿನಲ್ಲಿ ಹೊಸದರ ಪಕ್ಕದಲ್ಲಿಟ್ಟು ನೋಡಿ. ಟ್ಯೂಬ್‌ಲೈಟಿನ ಕೆಳಗೆ ಒಂದೇ ಎಂದು ಕಂಡ ಎರಡು ಕೆಂಪು, ಕಿಟಕಿಯ ಹತ್ತಿರ ತಂದಾಗ ಬೇರೆ ಬೇರೆ ಆಗಿರಬಹುದು.